ಚನ್ನಮಲ್ಲಯ್ಯನವರ ಬಲಗೈ

ಮಧುಗಿರಿಯ ಹುಣಸೆ ಮಂಡಿಯಲ್ಲಿ ಆ ಕಾಲಕ್ಕೆ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನು ದಲ್ಲಾಳಿಯ ಬಲಗೈ ಹಿಡಿಯುತ್ತಿದ್ದ. ಎರಡು ಕೈಗಳ ಮೇಲೂ ಒಂದು ಹೆಗಲಿನ ವಲ್ಲಿ ಹೊದಿಸುತ್ತಿದ್ದರು. ಒಳಗೆ ಬೆರಳು ಹಿಡಿದು ಅಮುಕಿದ್ದೇ ಮಾತು. ಹೆಬ್ಬೆರಳೊಂದನ್ನೇ ಹಿಡಿದರೆ ಮಣಕ್ಕೆ ರೂಪಾಯಿಯ ಮೇಲೆ ಒಂದಾಣೆ. ಹೆಬ್ಬೆರಳಿನಿಂದ ಎಣಿಸಿಕೊಂಡು ಮೂರು ಬೆರಳು ಹಿಡಿದರೆ ಮೂರಾಣೆ, ಐದನ್ನೂ ಸೇರಿಸಿ ಹಿಡಿದರೆ ಐದಾಣೆ. ಆಮೇಲೆ ದಲ್ಲಾಳಿ ಮಾಲಿನವನ ಹತ್ತಿರ ಹೋಗಿ, ಅವನ ಕೈ ಹಿಡಿದು, ಅಷ್ಟೇ ಬೆರಳು ಅಮುಕಬೇಕು. ಅವನು ಹೂಂ ಅಂತ ತಲೆ ಆಡಿಸಿದರೆ ವ್ಯಾಪಾರ ಮುಗಿಯಿತು. ವಲ್ಲಿ ತೆಗೆದ ಮೇಲೆ ಮಾತು ತಿರುಗಿಸುವ ಹಾಗಿಲ್ಲ.

"ಒಬ್ಬನಿಗೆ ಸಿಕ್ಕಿದ ಬೆಲೆ ಇನ್ನೊಬ್ಬನ ಹೊಟ್ಟೆ ಉರಿಸಬಾರ್ದು, ಅದಕ್ಕೇ ಈ ಮುಸುಕು" ಎನ್ನುತ್ತಿದ್ದರು ನಮ್ಮ ಯಜಮಾನರು.

ಅವರ ಹೆಸರು ಚನ್ನಮಲ್ಲಯ್ಯ. ಅವರು ಬದುಕಿರುವ ತನಕ ನಾನು ಆ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ ಅಂದುಕೊಂಡಿದ್ದೇನೆ. ಪ್ಲೇಗಿನ ವರ್ಷ ಅಪ್ಪ ಅಮ್ಮ ಇಬ್ಬರನ್ನೂ ಒಂದೇ ವಾರದಲ್ಲಿ ಕಳೆದುಕೊಂಡು, ಮಂಡಿಯಲ್ಲಿ ಉದುರಿದ ಹುಣಸೆ ಬೀಜ ಗುಡಿಸುವ ಕೆಲಸಕ್ಕೆ ಸೇರಿದವರು. ಅಲ್ಲೇ ಬೆಳೆದು, ಅಲ್ಲೇ ದಲ್ಲಾಳಿಯಾದರು. ನಾನು ಪಾವಗಡದ ಕಡೆಯವಳು. ನನ್ನನ್ನು ತಂದುಕೊಂಡಾಗ ನನಗೆ ಹದಿಮೂರು. ಎರಡು ಮಕ್ಕಳು ಹುಟ್ಟಿದವು, ಎರಡೂ ವರ್ಷ ತುಂಬುವ ಮೊದಲೇ ಹೋದವು. ಆಮೇಲೆ ಆಗಲಿಲ್ಲ. ನಮ್ಮ ಹಿತ್ತಲಿನ ಗೋಡೆ ಮಂಡಿಯ ಅಂಗಳಕ್ಕೆ ಅಂಟಿಕೊಂಡಿತ್ತು. ಗೋಡೆಯ ಹಿಂದೆ ನಿಂತರೆ ಗಾಡಿ, ಎತ್ತು, ತಕ್ಕಡಿ, ಜನ ಎಲ್ಲಾ ಕಾಣುತ್ತಿತ್ತು. ನಾನು ನೋಡಿದ್ದರಲ್ಲಿ ಹೆಚ್ಚಿನದನ್ನು ಅಲ್ಲಿ ನಿಂತೇ ನೋಡಿದ್ದು.

ಇಪ್ಪತ್ತೆರಡು ವರ್ಷ ಅವರ ಕೈ ತಪ್ಪಿದ್ದಿಲ್ಲ. ಕೊಳ್ಳುವವರೂ ಮಾರುವವರೂ ಬೇರೆ ದಲ್ಲಾಳಿಯನ್ನು ಬಿಟ್ಟು ಇವರಿಗೇ ಕಾಯುತ್ತಿದ್ದರು. ಸಿರಾದ ದೊಡ್ಡ ವ್ಯಾಪಾರಿ ಬಾಷಾ ಸಾಬ್ ಬಂದರೆ ಮೊದಲು ಕೇಳುತ್ತಿದ್ದದ್ದು, "ಮಲ್ಲಯ್ಯ ಕಹಾಂ? ಅವರ ಕೈ ಇಲ್ದೆ ನನ್ ಕೈ ಕೆಲ್ಸ ಮಾಡಲ್ಲ" ಅಂತ.

ವಿದ್ಯಾರ್ಥಿಗಳ ವಿಷಯ ಶುರುವಾದದ್ದು ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲೋ ಐದರಲ್ಲೋ ಇರಬೇಕು. ಮೈಸೂರಿನಲ್ಲಿ ವ್ಯಾಪಾರದ ಓದನ್ನು ಹೇಳಿಕೊಡುವ ಕಾಲೇಜಿನ ಮೇಷ್ಟ್ರೊಬ್ಬರು ಕೋಟು ರುಮಾಲು ತೊಟ್ಟು ಮಂಡಿಗೆ ಬಂದರು. ಬೇಸಿಗೆ ರಜದಲ್ಲಿ ಎರಡು ತಿಂಗಳು ತಮ್ಮ ಹುಡುಗರನ್ನು ಅನುಭವಸ್ಥ ವ್ಯಾಪಾರಿಗಳ ಕೈಕೆಳಗೆ ಬಿಡಬೇಕು ಅನ್ನುವುದು ಅವರ ಆಸೆ. ಸಿರಾದ ಕಂಬಳಿ ವ್ಯಾಪಾರಿಗೊಬ್ಬ, ಪಾವಗಡದ ಕಡಲೆಕಾಯಿ ಸಾಹುಕಾರರಿಗೊಬ್ಬ, ನಮ್ಮ ಹುಣಸೆ ಮಂಡಿಗೊಬ್ಬ.

ಮಂಡಿಯ ಮಾಲೀಕರು ರೇಣುಕಯ್ಯನವರು. ಮಾತು ಹರಿತ. ಎಲೆ ಅಡಿಕೆ ಅಗಿಯುತ್ತಾ ಕೇಳಿದರು:

"ಅಲ್ಲ ಸ್ವಾಮಿ, ಅಷ್ಟು ದಪ್ಪ ಪುಸ್ತಕ ಓದಿ ಕೊನೇಗೆ ನಮ್ಮ ಹುಣಸೆ ಬೀಜ ಬಿಡ್ಸೋಕೆ ಬತ್ತಾರಾ?"

"ಪುಸ್ತಕದಲ್ಲಿ ಬೆಲೆ ಇದೆ ರೇಣುಕಯ್ಯನವರೇ. ಬೆಲೆ ಹುಟ್ಟೋದನ್ನ ಹುಡುಗರು ಕಂಡಿಲ್ಲ. ಅದನ್ನ ತೋರಿಸಿ, ಸಾಕು."

"ಹಂಗಾದ್ರೆ ನಮ್ಮ ಚನ್ನಮಲ್ಲಯ್ಯಂಗೆ ಒಪ್ಸಿ. ಅವನಿಗೆ ಮಕ್ಕಳಿಲ್ಲ, ಮರಿಯಿಲ್ಲ. ಬೈಯೋಕೆ ಒಬ್ಬ ಬೇಕಾಗೈತೆ."

ಎಲ್ಲರೂ ನಕ್ಕರು. ಇವರೂ ನಕ್ಕರು. ಮನೆಗೆ ಬಂದವರು ಮಾತ್ರ, "ಲೇ ಮಂಗಳಾ, ಪಡಸಾಲೆ ಸಾರ್ಸು. ಮುಂದಿನ ತಿಂಗ್ಳು ಕಾಲೇಜಿನ ಹುಡುಗ ಬತ್ತಾನೆ" ಅಂದ ಗತ್ತು ನೋಡಬೇಕಿತ್ತು.

ಎರಡು ತಿಂಗಳಾದ ಮೇಲೆ ಹುಡುಗನ ವಿಷಯವಾಗಿ ಇವರು ಒಂದು ಕಾಗದ ಬರೆದು ರುಜು ಹಾಕಿ ಕೊಡಬೇಕು, ಕಾಲೇಜಿನವರು ಅದನ್ನು ನೋಡಿಯೇ ಮುಂದಿನ ತರಗತಿಗೆ ಹಾಕುತ್ತಾರೆ, ಅಂತ ಏರ್ಪಾಡು. ಮೊದಲ ವರ್ಷ ಬಂದವನು ಮೈಸೂರಿನವನು, ಚಕ್ಕಳಮಕ್ಕಳ ಹಾಕಿ ಕೂರುವುದಕ್ಕೇ ಬರುತ್ತಿರಲಿಲ್ಲ. ಎರಡನೆಯವನು ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುವವನು. ಇವರು ಆ ಪುಸ್ತಕ ಕಿತ್ತು ನನ್ನ ಕೈಗೆ ಕೊಟ್ಟು, "ಬಚ್ಚಿಡು. ಹಣ್ಣು ಮೂಸಿದ್ರೆ ಗೊತ್ತಾಗ್ಬೇಕು, ಬರದ್ರೆ ಗೊತ್ತಾಗಲ್ಲ" ಅಂದರು. ಹೊಸ ಹಣ್ಣೋ ಹಳೆಯದೋ, ತೂಕ ಬರಲಿ ಅಂತ ನೀರು ಚಿಮುಕಿಸಿದ್ದಾರೋ, ಅಡಿಯಲ್ಲಿ ಬೀಜದ ಹಣ್ಣು ಇಟ್ಟು ಮೇಲೆ ಒಳ್ಳೆಯದನ್ನು ಹರಡಿದ್ದಾರೋ, ಕಣ್ಣು ಕಟ್ಟಿ ಮುಟ್ಟಿಸಿ ಹೇಳಿಸುತ್ತಿದ್ದರು. ಕೊನೆಯ ಪಾಠ ವಲ್ಲಿಯ ಕೆಳಗಿನ ಬೆರಳು. ಬೆರಳು ಒಪ್ಪುವ ಮೊದಲು ಮನುಷ್ಯ ಒಂದು ಸಲ ಉಸಿರು ಹಿಡಿಯುತ್ತಾನಂತೆ, ಅದು ಅವನ ಅಂಗೈಯಲ್ಲೇ ತಿಳಿಯುತ್ತದಂತೆ. ನನಗೆ ಅದೆಲ್ಲ ತಿಳಿಯದು. ಅವರು ಹೇಳಿಕೊಡುವಾಗ ಮುಖ ಬೇರೆಯಾಗುತ್ತಿತ್ತು, ಅಷ್ಟು ಬಲ್ಲೆ.

ಮೂರನೆಯ ವರ್ಷದ ಹುಡುಗ ಹೋದ ಮೇಲೆ ಒಂದು ಬೆಳಿಗ್ಗೆ ಲಿಂಗಪೂಜೆಗೆ ಕೂತಿದ್ದರು. ಎಡ ಅಂಗೈಯಲ್ಲಿ ಲಿಂಗ, ಬಲಗೈಯಲ್ಲಿ ಧೂಪ ಹಾಕುತ್ತಿದ್ದರು. ನಾನು ಒಲೆಯ ಮುಂದಿದ್ದೆ. ಧೂಪದ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಬಂತು. ತಿರುಗಿ ನೋಡಿದರೆ ಧೂಪದ ಬಟ್ಟಲಿನಿಂದ ಒಂದು ಕೆಂಡ ಎಗರಿ ಅವರ ಕಿರುಬೆರಳಿಗೆ ಅಂಟಿಕೊಂಡಿದೆ. ಚರ್ಮ ಸುಡುತ್ತಿದೆ. ಅವರು ಕಣ್ಣು ಮುಚ್ಚಿಕೊಂಡು ಮಂತ್ರ ಹೇಳುತ್ತಲೇ ಇದ್ದಾರೆ. ನಾನು ಓಡಿಹೋಗಿ ಕೈ ಕೊಡವಿದೆ. ಕಣ್ಣು ಬಿಟ್ಟು ಬೆರಳನ್ನು ನೋಡಿಕೊಂಡರು. ಬೇರೆ ಯಾರದೋ ಬೆರಳು ನೋಡಿದ ಹಾಗೆ ನೋಡಿದರು.

ತುಮಕೂರಿಗೆ ಹೋದೆವು. ಅಲ್ಲಿಯ ಡಾಕ್ಟರು ಕಣ್ಣು ಮುಚ್ಚಿಸಿ, ಹಕ್ಕಿಯ ಗರಿಯಿಂದ ಒಂದೊಂದೇ ಬೆರಳು ಸವರಿ, "ಈಗ ಮುಟ್ಟಿದೆನೇ? ಈಗ?" ಅಂತ ಕೇಳಿದರು. ಕಿರುಬೆರಳು ಸವರಿದಾಗ ಇವರು ಸುಮ್ಮನೆ ಕೂತಿದ್ದರು. ಡಾಕ್ಟರು ಬೆನ್ನು ನೋಡಿದರು, ಕಿವಿ ನೋಡಿದರು, ಮೊಣಕೈಯ ಒಳಗಿನ ನರ ಹಿಡಿದು ನೋಡಿದರು. ಕುಷ್ಠ ಅಂದರು, ನಮ್ಮ ಕಡೆ ದೊಡ್ಡರೋಗ ಅನ್ನುವುದು. ಗರುಡಫಲದ ಎಣ್ಣೆಯ ಸೂಜಿ ಚುಚ್ಚಿಸಿಕೊಳ್ಳುತ್ತಿರಬೇಕು ಅಂದರು. ನಿಲ್ಲುತ್ತದೆಯೇ ಅಂತ ನಾನು ಕೇಳಿದೆ. ಡಾಕ್ಟರು ಕೈ ತೊಳೆಯುವುದಕ್ಕೆ ಎದ್ದುಹೋದರು.

ಬಸ್ಸಿನಲ್ಲಿ ವಾಪಸು ಬರುವಾಗ ಕೊರಟಗೆರೆ ದಾಟಿತು. ಆಮೇಲೆ, "ಯಾರ ಹತ್ರಾನೂ ಬಾಯಿ ಬಿಡಬ್ಯಾಡ" ಅಂದರು, ಅಷ್ಟೇ.

ನಾನು ಬಾಯಿ ಬಿಡಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ನನ್ನ ಸೆರಗಿನ ಕೆಳಗೆ ಕೈ ಇಟ್ಟು, "ಹಿಡಿ" ಅನ್ನುತ್ತಿದ್ದರು. ನಾನು ಬೆರಳು ಹಿಡಿಯುತ್ತಿದ್ದೆ, ಅವರು ಎಷ್ಟು ಅಂತ ಹೇಳುತ್ತಿದ್ದರು. ದೀಪಾವಳಿಯ ತನಕ ಕಿರುಬೆರಳೊಂದೇ ತಪ್ಪುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಉಂಗುರಬೆರಳೂ ಹೋಯಿತು. ಐದು ಹಿಡಿದರೆ ಮೂರು ಅನ್ನುತ್ತಿದ್ದರು. ಬಲಗೈ ಬಿಟ್ಟು ಎಡಗೈ ಕೊಡಬಹುದಲ್ಲ ಅಂತ ಬೇರೆಯವರಿಗೆ ಅನ್ನಿಸಬಹುದು. ಎಡಗೈ ಲಿಂಗದ ಪೀಠ. ಅದನ್ನು ವ್ಯಾಪಾರಕ್ಕೆ ಇಳಿಸಿದವನನ್ನು ನಮ್ಮಲ್ಲಿ ಒಳಗೆ ಸೇರಿಸುವುದಿಲ್ಲ. ಸಾಬರಿಗೂ ಎಡಗೈ ನೀಡುವುದು ಅವಮಾನವೇ.

"ದಲ್ಲಾಳಿ ಕೆಲ್ಸ ಬುಟ್ಬುಡಿ" ಅಂದೆ.

"ಬುಟ್ಟು? ಇಪ್ಪತ್ತೆರಡು ವರ್ಷ ಮಾಡಿದವನು ಇದ್ದಕ್ಕಿದ್ದಂಗೆ ಯಾಕ್ ಬುಟ್ಟ ಅಂತ ಕೇಳಲ್ವ ಜನ? ಕೈ ನೋಡಲ್ವ?" ಅಂದರು. "ಭುಜ ನೋಡ್ತೀನಿ. ಐದು ಹಿಡಿಯೋನು ಭುಜ ಮುಂದಕ್ಕೆ ತತ್ತಾನೆ, ಮೂರು ಹಿಡಿಯೋನು ತರಲ್ಲ. ಅಷ್ಟು ಸಾಕು."

ಹಾಗೆ ಒಂದು ಹುಣಸೆ ಕಾಲ ಅರ್ಧ ದಾಟಿತು. ಏಪ್ರಿಲ್‌ನಲ್ಲಿ ನಾಲ್ಕನೆಯ ವಿದ್ಯಾರ್ಥಿ ಬಂದ.

ಅವನು ಕಾಡಸಿದ್ದಪ್ಪ, ಕೊರಟಗೆರೆ ಸೀಮೆಯ ಕೊಳಾಲದವನು. ಅಪ್ಪ ಶಂಕರಲಿಂಗಪ್ಪ, ಎರಡೆಕರೆ ಹೊಲದ ಬಡವ. ಹುಡುಗ ಮಠದ ಉಚಿತ ಊಟ, ಸರ್ಕಾರದ ವಿದ್ಯಾರ್ಥಿವೇತನ, ಇವೆರಡರ ಮೇಲೆ ಮೈಸೂರಿನಲ್ಲಿ ಓದುತ್ತಿದ್ದ. ಇವರ ಕಾಗದದಲ್ಲಿ ಒಂದು ಕೆಟ್ಟ ಮಾತು ಬಿದ್ದರೆ ಆ ವೇತನ ನಿಲ್ಲುತ್ತದೆ ಅಂತ ಬಂದ ದಿನವೇ ಹೇಳಿದ. ಉದ್ದಕ್ಕೆ ಜೋಳದ ದಂಟಿನ ಹಾಗಿದ್ದ. ನಾಲ್ಕು ಮುದ್ದೆ ಉಣ್ಣುತ್ತಿದ್ದ. "ಅಮ್ಮ, ಮೈಸೂರ್ನಾಗೆ ಅನ್ನ ಇಕ್ಕಿ ಸಾಯಿಸ್ತಾರೆ" ಅನ್ನುತ್ತಿದ್ದ. ಹಣ್ಣು ಮೂಸಿ ಯಾವ ಊರಿನದು ಅಂತ ಹದಿನೈದೇ ದಿನಕ್ಕೆ ಹೇಳತೊಡಗಿದ. ಇವರು ನನ್ನ ಹತ್ತಿರ, "ಇವನಿಗೆ ಮೂಗೈತೆ ಕಣೇ, ನಂಗಿಂತ ಮೇಲಾಗ್ತಾನೆ" ಅಂದರು.

ಇವರಿಗೆ ಅವನಿಂದ ಇನ್ನೊಂದು ಅನುಕೂಲವೂ ಆಯಿತು. ಕಲಿಯಲಿ ಅಂತ ಹೇಳಿ ಅವನ ಕೈಯನ್ನೇ ವಲ್ಲಿಯ ಕೆಳಗೆ ಇಡಿಸುತ್ತಿದ್ದರು. ಅವನು ಬಂದು ಕಿವಿಯಲ್ಲಿ ಎಷ್ಟು ಅಂತ ಹೇಳುತ್ತಿದ್ದ. ಜನ ಮೆಚ್ಚಿಕೊಂಡರು, "ಏನ್ ಚೆಂದಾಗಿ ಕಲಿಸ್ತಾನಪ್ಪ, ಕೈ ಹಿಡ್ದು ಕಲಿಸ್ತಾನೆ" ಅಂತ. ನಾನು ಗೋಡೆಯ ಹಿಂದೆ ನಿಂತು ಕೇಳುತ್ತಿದ್ದೆ.

ಮೇ ತಿಂಗಳ ಒಂದು ಮಂಗಳವಾರ ಚನ್ನರಾಯನದುರ್ಗದ ದೊಡ್ಡರಂಗಪ್ಪ ಎಂಟು ಗಾಡಿ ಹಣ್ಣು ತಂದ. ಬರೀ ತಿರುಳು, ಬೀಜವಿಲ್ಲ, ಎಳೆ ಕೆಂಪು. ಬಾಷಾ ಸಾಬ್ ಮದುವೆಯೊಂದನ್ನು ಮುಗಿಸಿಕೊಂಡು ಉದ್ದನೆಯ ದೊಗಲೆ ಶೇರ್ವಾನಿಯಲ್ಲೇ ಬಂದಿದ್ದರು. ಹಣ್ಣು ನೋಡಿ ಅವರ ಕಣ್ಣು ಅರಳಿತು. ಕಾಡಸಿದ್ದಪ್ಪ ಕೈ ಮುಂದೆ ಮಾಡಿದ.

"ನಿಂದು ಬೇಡ ಬೇಟಾ. ನೀನು ಇನ್ನೂ ಹಾಲು ಕುಡಿಯೋ ಹುಡುಗ. ಎಂಟು ಗಾಡಿ ಮಾಲು, ಗುರೂದೇ ಕೈ ಬೇಕು" ಅಂದರು ಬಾಷಾ ಸಾಬ್.

ಇವರು ಒಂದು ಗಳಿಗೆ ತಡೆದದ್ದನ್ನು ನಾನು ಕಂಡೆ. ಆಮೇಲೆ ಕೈ ಕೊಟ್ಟರು. ವಲ್ಲಿ ಮುಚ್ಚಿದರು.

"ಏನ್ ಮಲ್ಲಯ್ಯ, ಕೈ ಇಷ್ಟು ಒಣಗೈತೆ? ಸೌದೆ ಹಿಡಿದಂಗೈತೆ."

"ವಯಸ್ಸಾಯ್ತಲ್ಲ ಸಾಬ್ರೆ."

ಶೇರ್ವಾನಿಯ ಒಳಗೆ ಭುಜ ಅಲ್ಲಾಡಿತೋ ಇಲ್ಲವೋ ಯಾರಿಗೆ ಗೊತ್ತು. ವಲ್ಲಿ ತೆಗೆದರು. ಇವರು ಕಾಡಸಿದ್ದಪ್ಪನ ಕಿವಿಯಲ್ಲಿ ಏನೋ ಹೇಳಿ, ಮಾಲಿನವನ ಕಡೆ ಕಳಿಸಿದರು. ಹುಡುಗ ಹೋಗಿ ದೊಡ್ಡರಂಗಪ್ಪನ ಕೈ ಹಿಡಿದ. ದೊಡ್ಡರಂಗಪ್ಪ ಮುಖ ಸಪ್ಪೆ ಮಾಡಿಕೊಂಡ, ತಲೆ ಕೆರೆದುಕೊಂಡ, ಕೊನೆಗೆ ಹೂಂ ಅಂದ. ದೂರದ ಊರು, ಎಂಟು ಗಾಡಿ ವಾಪಸು ಹೊಡೆಯುವ ಹಾಗಿಲ್ಲ.

ತೂಕ ಮುಗಿದು ಹಣ ಕೊಡುವ ಹೊತ್ತಿಗೆ ಗೊತ್ತಾಯಿತು. ಬಾಷಾ ಸಾಬ್ ಐದಾಣೆ ಲೆಕ್ಕ ಹಾಕಿ ಕೊಟ್ಟಿದ್ದರು, ದೊಡ್ಡರಂಗಪ್ಪನಿಗೆ ಮುಟ್ಟಿದ ಬೆರಳು ಮೂರು. ಮಣಕ್ಕೆ ಎರಡಾಣೆ ಮಧ್ಯದಲ್ಲಿ ಉಳಿಯಿತು.

"ನಾನು ಪೂರಾ ಪಂಜಾ ಹಿಡಿದೆ. ಅಲ್ಲಾಹ್ ಮೇಲಾಣೆ. ಐದು!" ಬಾಷಾ ಸಾಬ್ ಕೈ ಎತ್ತಿ ತೋರಿಸಿದರು.

"ನಂಗೆ ಈ ಜೋಳದ ಕಡ್ಡಿ ಹಿಡಿದಿದ್ದು ಮೂರು!" ದೊಡ್ಡರಂಗಪ್ಪ ಹುಡುಗನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದ. "ಎಲ್ಲಿಟ್ಟಿದ್ದೀಯ ಎರಡು? ಕಾಲೇಜ್ನಾಗೆ ಇದೇ ಹೇಳ್ಕೊಟ್ಟವ್ರಾ?"

ಪಾವಗಡದ ಗಾಡಿಯವನೊಬ್ಬ ನೊಗದ ಮೇಲೆ ಕೂತು ನಗುತ್ತಿದ್ದ. "ಚದುವುಕುನ್ನ ದೊಂಗ ಕಣಪ್ಪ, ಓದಿದ ಕಳ್ಳ! ಬೀಗ ಹಾಕಿದ್ರೂ ನಿಲ್ಲಲ್ಲ!"

ಯಾರೊಬ್ಬರೂ ಇವರ ಕಡೆ ನೋಡಲಿಲ್ಲ. ಇಪ್ಪತ್ತೆರಡು ವರ್ಷ ತಪ್ಪದ ಕೈ ಅದು. ತಪ್ಪಿದರೆ ಹುಡುಗನೇ ತಪ್ಪಿರಬೇಕು, ಇಲ್ಲವೇ ಕದ್ದಿರಬೇಕು. ಹುಡುಗ ಇವರ ಮುಖ ನೋಡಿದ. ಇವರು ತಕ್ಕಡಿಯ ಸರಪಣಿ ನೋಡುತ್ತಿದ್ದರು. ಹುಡುಗ ತಲೆ ತಗ್ಗಿಸಿದ.

ರೇಣುಕಯ್ಯನವರು ಮಧ್ಯದಲ್ಲಿ ಉಳಿದ ಹಣವನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು. "ನಾಳೆ ಬೆಳಿಗ್ಗೆ ಹಿರೇರು ಕೂರ್ತಾರೆ. ಕಾಲೇಜಿಗೆ ಕಾಗ್ದ ಬರೀಬೇಕು, ಇಂಥಾವನನ್ನ ಕಳ್ಸಿದ್ರಲ್ಲ ಅಂತ. ಚನ್ನಮಲ್ಲಯ್ಯ, ನೀನೇ ಬರ್ದು ರುಜು ಹಾಕು" ಅಂದರು.

ಆ ಸಂಜೆ ದೀಪ ಹಚ್ಚಿ ನಾನು ಒಳಗಿನ ಕೋಣೆಯಲ್ಲಿ ಇವರ ಮುಂದೆ ಕೂತೆ. ಹುಡುಗ ಪಡಸಾಲೆಯಲ್ಲಿದ್ದ. ನಾನು ಆಡಿದ ಮಾತನ್ನು ಮರೆಮಾಚುವುದಿಲ್ಲ.

"ಹುಡುಗನ ಮೇಲೇ ಬುಡಿ" ಅಂದೆ. "ಕಲಿಯೋನು ತಪ್ಪಿದ ಅಂದ್ರೆ ಲೋಕ ಬೈದು ಮರೀತದೆ. ನಿಮ್ದು ಗೊತ್ತಾದ್ರೆ ಈ ಬೀದಿನಾಗೆ ನಮ್ಗೆ ನೀರು ಸೇದೋಕೆ ಬುಡಲ್ಲ. ನಾನೆಲ್ಲಿಗೆ ಹೋಗ್ಲಿ?"

"ಅವನ ವೇತನ?"

"ಕೊಳಾಲದಾಗೆ ಹೊಲ ಐತಲ್ಲ."

ಅವರು ನನ್ನನ್ನು ನೋಡಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಹುಡುಗ ಬಾಗಿಲ ಹತ್ತಿರ ಬಂದು ನಿಂತ. ಎಲ್ಲಾ ಕೇಳಿಸಿಕೊಂಡಿದ್ದ. "ಸ್ವಾಮಿ, ಅಮ್ಮ ಹೇಳಿದ್ದು ಸರಿ. ನಂದೇ ತಪ್ಪು ಅಂತ ಒಪ್ಕೋತೀನಿ" ಅಂದ.

"ನಿಂಗೇನ್ಲಾ ಗೊತ್ತು?"

"ನಿಮ್ಮ ಕಿರುಬೆರಳು ನಾನು ಹಿಡಿದಾಗ ನಿಮ್ಗೆ ತಿಳಿಯಲ್ಲ ಅಂತ ಒಂದ್ ತಿಂಗ್ಳಿಂದ ಗೊತ್ತು. ಪಾಠ ಮಾಡೋವಾಗ ಎರಡು ಸಲ ಬೇಕಂತಲೇ ಅಮುಕಿ ನೋಡ್ದೆ."

ಒಂದು ತಿಂಗಳಿಂದ ಗೊತ್ತಿದ್ದೂ ಅವನು ಅವರ ಪಕ್ಕದಲ್ಲೇ ಕೂತು ಉಂಡಿದ್ದ, ಅವರ ಚೊಂಬಿನಲ್ಲೇ ನೀರು ಕುಡಿದಿದ್ದ. ನನಗೆ ನೆಲ ನೋಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

"ಯಾಕ್ ಹೇಳ್ಲಿಲ್ಲ?" ಇವರು ಕೇಳಿದರು.

"ನೀವೂ ಹೇಳ್ಲಿಲ್ವಲ್ಲ."

ಇವರು "ಹೋಗಿ ಉಣ್ಣು" ಅಂದರು. ಅವನು ಉಣ್ಣಲಿಲ್ಲ. ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಬುಧವಾರ ಬೆಳಿಗ್ಗೆ ಮಂಡಿಯ ಜಗಲಿಯ ಮೇಲೆ ಹಿರಿಯರು ಕೂತರು. ಬಾಷಾ ಸಾಬ್, ದೊಡ್ಡರಂಗಪ್ಪ ಊರಿಗೆ ಹೋಗದೆ ಉಳಿದಿದ್ದರು. ಹುಡುಗನ ಅಪ್ಪನಿಗೂ ಯಾರೋ ಹೇಳಿಕಳಿಸಿದ್ದರು. ಶಂಕರಲಿಂಗಪ್ಪ ಮೊದಲ ಬಸ್ಸಿಗೆ ಬಂದು, ಮಗನ ಮುಖ ನೋಡದೆ ಕಂಬಕ್ಕೆ ಆತುಕೊಂಡು ನಿಂತಿದ್ದ. ಗುಮಾಸ್ತ ಕಾಗದ, ಮಸಿ ಇಟ್ಟುಕೊಂಡಿದ್ದ. ನಾನು ಗೋಡೆಯ ಹಿಂದೆ ನಿಂತೆ. ಹುಡುಗ ತಪ್ಪೊಪ್ಪಿಕೊಂಡುಬಿಡಲಿ, ದೇವರೇ, ಅಂತಲೇ ನಾನು ಬೇಡಿಕೊಳ್ಳುತ್ತಿದ್ದದ್ದು.

ಹುಡುಗ ಮುಂದೆ ಬಂದ. "ನಂದೇ..." ಅಂದ.

"ಬಾಯಿ ಮುಚ್ಕೊಂಡು ನಿಂತ್ಕಳ್ಲಾ" ಅಂದರು ಇವರು. ಎದ್ದು ಮೂಟೆ ಹೊಲಿಯುವ ಹಮಾಲಿಯ ಹತ್ತಿರ ಹೋಗಿ, ಅವನ ಕೈಯಲ್ಲಿದ್ದ ದಬ್ಬಳ ಇಸಿದುಕೊಂಡರು. ಗೇಣುದ್ದದ ಕಬ್ಬಿಣದ ಸೂಜಿ. ಜಗಲಿಯ ಅಂಚಿಗೆ ಬಲಗೈ ಇಟ್ಟು, ಎಡಗೈಯಿಂದ ಆ ದಬ್ಬಳವನ್ನು ಕಿರುಬೆರಳಿನ ತುದಿಗೆ ಊರಿ ಒತ್ತಿದರು. ಆ ಕಡೆಯಿಂದ ಮೊನೆ ಬಂತು. ಅವರ ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ದಬ್ಬಳ ಕಿತ್ತು ಉಂಗುರಬೆರಳಿಗೆ ಹಾಕಿದರು.

"ಸಾಬ್ರು ಐದೇ ಹಿಡಿದಿರೋದು" ಅಂದರು. "ನಂಗೆ ತಿಳಿದಿದ್ದು ಮೂರು. ನಾನು ಹುಡುಗಂಗೆ ಮೂರು ಅಂದೆ, ಅವನು ಮೂರೇ ಮುಟ್ಸಿದ. ಅವನ ಕೈನಾಗೆ ತಪ್ಪಿಲ್ಲ. ನಾನೂ ಕದ್ದಿಲ್ಲ. ಈ ಎರಡು ಬೆರಳು ಸತ್ತು ತಿಂಗಳುಗಳಾದ್ವು."

ಆಮೇಲೆ ಯಾರೋ "ದೊಡ್ಡರೋಗ!" ಅಂದರು. ಜಗಲಿ ಅರ್ಧ ಖಾಲಿಯಾಯಿತು. ಹಮಾಲಿ ದಬ್ಬಳವನ್ನು ವಾಪಸು ಇಸಿದುಕೊಳ್ಳಲಿಲ್ಲ. ದೊಡ್ಡರಂಗಪ್ಪ, "ಸಿವನೇ, ಹೋಗ್ಲಿ ಬುಡಿ, ಹೋಗ್ಲಿ ಬುಡಿ" ಅಂತ ಹಿಂದೆ ಹಿಂದೆ ಸರಿದ. ಬಾಷಾ ಸಾಬ್ ತಮ್ಮ ಬಲಗೈಯನ್ನು ಬಿಚ್ಚಿ ನೋಡಿಕೊಳ್ಳುತ್ತಿದ್ದರು. ಆ ಮನುಷ್ಯ ಕೆಟ್ಟವರಲ್ಲ. "ಮಲ್ಲಯ್ಯ, ಒಂದ್ ಮಾತು ನನಗೆ ಹೇಳ್ಬಾರ್ದಾಗಿತ್ತಾ? ನಂಗೂ ಮೊಮ್ಮಕ್ಕಳಿದ್ದಾವೆ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಹಾಗೇ ಹೋಗಿ ಎತ್ತಿನ ತೊಟ್ಟಿಯಲ್ಲಿ ಮೊಣಕೈ ತನಕ ತೊಳೆದುಕೊಂಡರು, ಮಣ್ಣು ಹಾಕಿ ತಿಕ್ಕಿ ತಿಕ್ಕಿ ತೊಳೆದುಕೊಂಡರು.

ಇವರು ನಿಂತಲ್ಲೇ ನಿಂತು ಗುಮಾಸ್ತನಿಗೆ ಹೇಳಿದರು: "ಬರಕೋ. ಕಾಡಸಿದ್ದಪ್ಪನಿಗೆ ಮಾಲಿನ ಜ್ಞಾನ ಚೆನ್ನಾಗಿದೆ. ಕೈ ಶುದ್ಧ. ಲೆಕ್ಕ ಶುದ್ಧ." ಗುಮಾಸ್ತ ಬರೆದ. ರುಜು ಹಾಕುವುದಕ್ಕೆ ಕಾಗದವನ್ನು ನೆಲದ ಮೇಲೆ ಇಟ್ಟು ದೂರ ನಿಂತ. ಇವರು ರುಜು ಹಾಕಿದ ಮೇಲೆ ಮಂಡಿಯವರು ಅದನ್ನು ಇಕ್ಕಳದಲ್ಲಿ ಎತ್ತಿ, ರೋಗ ಅಂಟದಿರಲಿ ಅಂತ ಗಂಧಕದ ಹೊಗೆಗೆ ಹಿಡಿದರು. ಕಾಗದದ ಒಂದು ಮೂಲೆ ಕಂದಿತು.

ಶಂಕರಲಿಂಗಪ್ಪ ಮಗನ ರಟ್ಟೆ ಹಿಡಿದ. "ನಡಿ."

"ಅಪ್ಪಾ, ಪೆಟ್ಟಿಗೆ ಅವರ ಮನೇಲಿದೆ."

"ಪೆಟ್ಟಿಗೆ ಸುಡ್ಲಿ! ಅವನ ಮನೇ ಅನ್ನ ಉಂಡಿದ್ದೀಯ, ಮೊದ್ಲು ಕೆರೇನಾಗೆ ಮುಳುಗು ನಡಿ!"

ಹುಡುಗ ಎರಡು ಹೆಜ್ಜೆ ಇವರ ಕಡೆ ಇಟ್ಟ. ಇವರು ಕೈ ಅಡ್ಡ ಮಾಡಿ ಬೇಡವೆಂದರು. ಅವನು ಅಲ್ಲಿಂದಲೇ ನೆಲಕ್ಕೆ ಹಣೆ ಮುಟ್ಟಿಸಿದ. ಅಪ್ಪ ಎಳೆದುಕೊಂಡು ಹೋದ.

ಆ ವಾರವೇ ನಮಗೆ ಬೀದಿ ಬಿಡಬೇಕಾಯಿತು. ರೇಣುಕಯ್ಯನವರು ಊರಾಚೆ ಹುಣಸೆ ತೋಪಿನ ಅಂಚಿನಲ್ಲಿ ಒಂದು ಗುಡಿಸಲು ಹಾಕಿಸಿಕೊಟ್ಟರು, ಅಷ್ಟು ಮಾತ್ರ ಹೇಳಲೇಬೇಕು. ಪಕ್ಕದ ಮನೆಯ ಇಂದ್ರಮ್ಮ, ನನ್ನ ಎರಡು ಬಾಣಂತನವನ್ನೂ ಮಾಡಿದವಳು, ಬಾಗಿಲ ಹಿಂದಿನಿಂದಲೇ, "ನಿನ್ ತವರಿಗೆ ಹೋಗ್ಬುಡು ಕಣಮ್ಮ, ನಿಂಗಿನ್ನೂ ಬಂದಿಲ್ವಲ್ಲ" ಅಂದಳು. ತವರಿಗೆ ಹೇಳಿಕಳಿಸಿದೆ. ಅಣ್ಣ ಬಂದು ದೂರದಲ್ಲಿ ನಿಂತು, "ನೀನೂ ಮುಟ್ಟಿಸ್ಕೊಂಡಿರೋಳೇ ಅಲ್ವೇನಮ್ಮ" ಅಂತ ಹೇಳಿ ಹೋದ. ಹೀಗೆ ನಾನು ಅವರ ಜೊತೆ ಉಳಿದೆ. ಪತಿವ್ರತೆ ಅಂತ ಈಗ ಕೆಲವರು ಅನ್ನುತ್ತಾರೆ. ಹೋಗುವುದಕ್ಕೆ ಜಾಗವಿರಲಿಲ್ಲ, ಅಷ್ಟೇ.

ಕಾಲೇಜಿನಿಂದ ಮುಂದಿನ ವರ್ಷ ಯಾರೂ ಬರಲಿಲ್ಲ. ನಮ್ಮ ಮಂಡಿಗೂ ಇಲ್ಲ, ಸಿರಾ ಪಾವಗಡಕ್ಕೂ ಇಲ್ಲ. ಮಂಡಿಯವರೂ ವಲ್ಲಿಯ ಕೆಳಗೆ ಕೈ ಕೊಡುವುದನ್ನು ಬಿಟ್ಟರು. ಯಾರ ಕೈಯಲ್ಲಿ ಏನಿದೆಯೋ ಅನ್ನುವ ಹೆದರಿಕೆ. ಜಗಲಿಯ ಮೇಲೆ ಒಬ್ಬ ನಿಂತು ಬೆಲೆ ಕೂಗುವ ಪದ್ಧತಿ ಬಂತು. ಗಾಳಿ ಈ ಕಡೆ ಬೀಸಿದ ದಿನ ಆ ಕೂಗು ಗುಡಿಸಲಿಗೂ ಕೇಳುತ್ತಿತ್ತು. ಇವರು ಮೊದಮೊದಲು, "ಆ ಹಣ್ಣಿಗೆ ಅಷ್ಟು ಯಾಕೋ?" ಅಂತ ಗೊಣಗುತ್ತಿದ್ದರು. ಆಮೇಲೆ ಕೇಳದವರ ಹಾಗೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಸೂಜಿ ಚುಚ್ಚಿಸಿಕೊಳ್ಳಲು ತುಮಕೂರಿಗೆ ಹೋಗಬೇಕು. ಬಸ್ಸಿನವನು ಹತ್ತಿಸುವುದನ್ನು ನಿಲ್ಲಿಸಿದ. ಎರಡನೆಯ ವರ್ಷ ಪಾದಕ್ಕೆ ಬಂತು, ನಾಲ್ಕನೆಯ ವರ್ಷ ಕಣ್ಣಿಗೆ.

ಕಾಡಸಿದ್ದಪ್ಪ ಪಾಸಾದ. ದಾವಣಗೆರೆಯಲ್ಲಿ ಹತ್ತಿಯ ವ್ಯಾಪಾರಸ್ಥರ ಹತ್ತಿರ ಕೆಲಸ ಸಿಕ್ಕಿತು. ನಲವತ್ತೆರಡರಲ್ಲಿ ಒಂದು ಮಧ್ಯಾಹ್ನ ತೋಪಿನ ಆಚೆಯ ಬದುವಿನ ಮೇಲೆ ಬಂದು ನಿಂತ. ಪಂಚೆ ಬಿಟ್ಟು ಷರಾಯಿ ಹಾಕಿದ್ದ. ಮದುವೆಯಾಗಿತ್ತು. ಹತ್ತಿರ ಬರುವುದಿಲ್ಲ ಅಂತ ಹೆಂಡತಿಗೆ ಮಾತು ಕೊಟ್ಟು ಬಂದಿದ್ದೇನೆ ಅಂದ. ಇವರು, "ಸರಿಯಾಗೇ ಕೊಟ್ಟಿದ್ದೀಯ, ಅಲ್ಲೇ ಕೂತ್ಕೋ" ಅಂದರು. ಇಬ್ಬರೂ ಅಷ್ಟು ದೂರದಿಂದ ಕೂಗಿ ಕೂಗಿ ಮಾತಾಡಿದರು.

ಹುಡುಗ ಅಳುಕುತ್ತಾ ಒಂದು ವಿಷಯ ಹೇಳಿದ. ಕಾಲೇಜಿನಲ್ಲಿ ಈಗ ಅಚ್ಚಾಗಿರುವ ಪಾಠದಲ್ಲಿ ವಲ್ಲಿ ವ್ಯಾಪಾರ ಮೋಸದ ದಾರಿ ಅಂತ ಬರೆದಿದ್ದಾರೆ. ಒಂದು ಊರಿನಲ್ಲಿ ದಲ್ಲಾಳಿಯೊಬ್ಬ ಕೊಳ್ಳುವವನಿಂದ ಐದಾಣೆ ಹಿಡಿಸಿಕೊಂಡು ಮಾಲಿನವನಿಗೆ ಮೂರಾಣೆ ಮುಟ್ಟಿಸಿದ ಅಂತ ಉದಾಹರಣೆಯನ್ನೂ ಕೊಟ್ಟಿದ್ದಾರೆ. ತಾನು ಮೇಷ್ಟ್ರಿಗೆ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ ಅಂದ.

ಕೇಳಿಸಲಿಲ್ಲವೇನೋ ಅಂತ ಹುಡುಗ ಮತ್ತೆ ಕೂಗಿ ಹೇಳಿದ.

"ಕೇಳಿಸ್ತು ಕಣ್ಲಾ" ಅಂದರು. "ನಿನ್ ಹೆಸ್ರು ಹಾಕವ್ರಾ?"

"ಇಲ್ಲ."

"ನಂದು?"

"ಇಲ್ಲ. ಬರೀ ದಲ್ಲಾಳಿ ಅಂತಿದೆ."

"ಹಂಗಾದ್ರೆ ಇನ್ನು ಕಾಗ್ದ ಬರೀಬ್ಯಾಡ. ದಾವಣಗೆರೆನಾಗೆ ನಿಮ್ ಸಾವ್ಕಾರರಿಗೆ ಗೊತ್ತಾದ್ರೆ, ಇವನು ಯಾರ್ ಹತ್ರ ಕಲ್ತ, ಯಾರ್ ಜೊತೆ ಉಂಡ ಅಂತ ಕೇಳ್ತಾರೆ."

ಹುಡುಗ ಸ್ವಲ್ಪ ಹೊತ್ತು ಕೂತಿದ್ದು ಎದ್ದುಹೋದ. ಒಂದು ಚೀಲ ಅಕ್ಕಿ, ಒಂದು ಹೊಸ ಕಂಬಳಿ ಬದುವಿನ ಮೇಲೆ ಬಿಟ್ಟಿದ್ದ. ಆಮೇಲೆ ಅವನು ಕಾಗದ ಬರೆಯಲಿಲ್ಲ, ಮೇಷ್ಟ್ರಿಗೂ ಇಲ್ಲ, ನಮಗೂ ಇಲ್ಲ. ಇವರ ಮಾತನ್ನು ನಡೆಸಿಕೊಟ್ಟ.

ನಲವತ್ತನಾಲ್ಕರ ಮಾರ್ಚ್‌ನಲ್ಲಿ ಇವರು ಹೋದರು. ಮುದ್ದೆ ಕಲಸಿ ಬಾಯಿಗಿಟ್ಟೆ, ನುಂಗಲಿಲ್ಲ. ಐನೋರು ತೋಪಿನ ತನಕ ಬಂದು ವಿಭೂತಿಯ ಪೊಟ್ಟಣವನ್ನು ಎಸೆದು ತಿರುಗಿಹೋದರು. ಗುಂಡಿ ತೋಡುವುದಕ್ಕೆ ರೇಣುಕಯ್ಯನವರು ಇಬ್ಬರು ಕೂಲಿಯವರನ್ನು ಕಳಿಸಿದ್ದರು. ಅವರು ಗುಂಡಿ ತೋಡಿದರು, ದೇಹ ಮುಟ್ಟುವುದಿಲ್ಲ ಅಂದರು. ನಮ್ಮ ಪದ್ಧತಿಯಂತೆ ಇವರನ್ನು ಗುಂಡಿಯ ಒಳಗೆ ಕೂರಿಸಬೇಕಿತ್ತು. ನಾನೊಬ್ಬಳೇ ಕಂಬಳಿಯ ಮೇಲೆ ಎಳೆದುಕೊಂಡು ಹೋಗಿ ಇಳಿಸಿದೆ. ಅಷ್ಟೇನೂ ಭಾರವಿರಲಿಲ್ಲ. ಮಣ್ಣು ಎಳೆಯುವ ಹೊತ್ತಿಗೆ ಮಂಡಿ ಶುರುವಾಗಿತ್ತು, ಮಣಕ್ಕೆ ಎಷ್ಟು ಅಂತ ಕೂಗುತ್ತಿದ್ದರು.